ಚಿಕ್ಕಪ್ಪನ ಪೆನ್‌ಡ್ರೈವ್, ಅಜ್ಜಿಯ ಹಾಡುಗಳು

9 ನವೆಂಬರ್ 2025, ಭಾನುವಾರ ರಾತ್ರಿ

ಕಣ್ಣು ಉರಿಯುತ್ತಿದೆ. ಆದರೂ ಇವತ್ತೇ ಬರೆದಿಡಬೇಕು. ನಾಳೆ ಆಫೀಸಿಗೆ ಹೋದರೆ ಅರ್ಧ ಮರೆತುಹೋಗುತ್ತದೆ.

ಚಿಕ್ಕಪ್ಪ, ಚಿಕ್ಕಮ್ಮ ಬೆಳಿಗ್ಗೆ ಸಾಗರದ ಬಸ್ಸಿಗೆ ಬಂದಿಳಿದರು. ಅಡಿಕೆ ಕೊಯ್ಲಿನ ಸಮಯ. ಕೊನೆ ಕೊಯ್ಯುವವರು ಯಾವತ್ತು ಬರುತ್ತಾರೋ ಗೊತ್ತಿಲ್ಲ, ಸುಲಿಯಲು ಜನ ಸಿಗುತ್ತಿಲ್ಲ. ಅಂಥದ್ದರಲ್ಲಿ ತೋಟ ಬಿಟ್ಟು ಶಿವಮೊಗ್ಗಕ್ಕೆ ಬಂದಿದ್ದಾರೆ ಅಂದರೆ ಏನೋ ಆಗಿದೆ ಅಂತಲೇ ಅರ್ಥ. ಕಾಫಿಯನ್ನೂ ಮುಟ್ಟದೆ ಚಿಕ್ಕಪ್ಪ ಅಂಗಿ ಜೇಬಿನಿಂದ ಪೆನ್‌ಡ್ರೈವ್ ತೆಗೆದು ಮೇಜಿನ ಮೇಲಿಟ್ಟರು.

"ಅಮ್ಮನ ಹಾಡೆಲ್ಲ ಹೋಯ್ತು ಮಾರಾಯ್ತಿ."

ಅಜ್ಜಿಯ ಹಾಡು ಅಂದರೆ ನಮ್ಮ ಕಡೆಯವರಿಗೆ ಬಿಡಿಸಿ ಹೇಳುವುದು ಬೇಡ. ಎಣ್ಣೆ ಹಚ್ಚುವಾಗಿನದು, ಹಸೆಗೆ ಕರೆಯುವುದು, ಆರತಿ, ಭೂಮಿ ಹುಣ್ಣಿಮೆಯದು, ತೊಟ್ಟಿಲಿಗೆ ಹಾಕುವಾಗಿನದು. ಅಜ್ಜಿ ಮಧ್ಯಾಹ್ನ ಹತ್ತಿ ಬಿಡಿಸುತ್ತಾ ಹೇಳುತ್ತಿದ್ದರು, ಚಿಕ್ಕಪ್ಪ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ರಾತ್ರಿ ಕರೆಂಟ್ ಇದ್ದರೆ ನುಡಿ ಅನ್ನುವ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡುತ್ತಿದ್ದರು. 2007ರ ಸುಮಾರಿನ ಕೆಲಸ ಅದು. ಅಜ್ಜಿ ಈಗಿಲ್ಲ. ನೋಟ್‌ಬುಕ್ಕುಗಳನ್ನು ಗೆದ್ದಲು ತಿಂದಿದೆ. ಉಳಿದಿರುವುದು ಈ ಫೈಲುಗಳು ಮಾತ್ರ.

ಕಳೆದ ತಿಂಗಳು ವಿಂಡೋಸ್ 10ಕ್ಕೆ ಬೆಂಬಲ ನಿಂತಿತಲ್ಲ, ಅದಕ್ಕೇ ಅವರ ಮಗಳು ಹೊಸ ಲ್ಯಾಪ್‌ಟಾಪ್ ಕಳಿಸಿದ್ದಾಳೆ. ಹಳೆಯದರಿಂದ ಫೈಲೆಲ್ಲ ಕಾಪಿ ಮಾಡಿಕೊಂಡು ತೆರೆದು ನೋಡಿದರೆ ಕನ್ನಡವೇ ಇಲ್ಲ. ಚಿಕ್ಕಪ್ಪ ಮೂರು ರಾತ್ರಿ ನಿದ್ದೆ ಮಾಡಿಲ್ಲವಂತೆ. ಹಾಗಂತ ಚಿಕ್ಕಮ್ಮ ಅಡುಗೆಮನೆಯಲ್ಲಿ ಮೆಲ್ಲಗೆ ಹೇಳಿದರು.

ನಮ್ಮ ಮನೆಯ ಕಂಪ್ಯೂಟರಿನಲ್ಲಿ ತೆರೆದೆ. ಅಲ್ಲೂ ಅದೇ. ಪಿ, ತಲೆ ಮೇಲೆ ಗೀಟು ಹೊತ್ತ ಎ, ಪೌಂಡ್ ಗುರುತು, ಮತ್ತೆ ಗೀಟಿನ ಎ. ಮೇಲಿನ ಫಾಂಟ್ ಪೆಟ್ಟಿಗೆಯಲ್ಲಿ ಮಾತ್ರ 'ನುಡಿ 01 ಇ' ಅಂತಲೇ ಇತ್ತು. ವರ್ಡ್ ಹಾಗೇ ಮಾಡುತ್ತದೆ. ಫಾಂಟ್ ಕಂಪ್ಯೂಟರಿನಲ್ಲಿ ಇಲ್ಲದಿದ್ದರೂ ಹೆಸರು ತೋರಿಸುತ್ತಲೇ ಇರುತ್ತದೆ, ಅಕ್ಷರ ಮಾತ್ರ ಬೇರೆ ಯಾವುದೋ ಫಾಂಟಿನದು ಹಾಕುತ್ತದೆ. ಚಿಕ್ಕಪ್ಪ ಆ ಹೆಸರು ನೋಡಿಯೇ ಗಾಬರಿಯಾಗಿದ್ದು. ಫಾಂಟ್ ಇದೆ, ಆದರೂ ಅಕ್ಷರ ಇಲ್ಲ, ಹಾಗಾದರೆ ಫೈಲೇ ಕೆಟ್ಟಿದೆ ಅಂತ.

"ನಿರ್ಮಲಾ ಫಾಂಟ್ ಹಾಕಿ ನೋಡಿದೆ, ತುಂಗಾ ಹಾಕಿ ನೋಡಿದೆ. ಯಾವುದಕ್ಕೂ ಜಗ್ಗಲಿಲ್ಲ."

"ಜಗ್ಗಲ್ಲ ಚಿಕ್ಕಪ್ಪ. ಒಳಗಿರೋದು ಕನ್ನಡ ಅಕ್ಷರವೇ ಅಲ್ಲ."

ಆ ಮಾತು ಅವರಿಗೆ ಚುಚ್ಚಿತು. ಮುಖ ನೋಡಿದ ಕೂಡಲೇ ಗೊತ್ತಾಯಿತು. ಅಷ್ಟು ವರ್ಷ ಕನ್ನಡದಲ್ಲೇ ಟೈಪ್ ಮಾಡಿದವರಿಗೆ ಅದು ಕನ್ನಡ ಅಲ್ಲ ಅಂದರೆ ಹೇಗಾಗಬೇಡ? ಪಕ್ಕದಲ್ಲಿ ಕೂರಿಸಿಕೊಂಡು ಒಂದು ಹಾಳೆ ತೆಗೆದೆ. 'ಕನ್ನಡ' ಅನ್ನುವ ಪದವನ್ನೇ ಬಿಡಿಸಿದೆ. ಪಿ ಅಂದರೆ ತಲೆಕಟ್ಟಿಲ್ಲದ ಕ. ಗೀಟಿನ ಎ ಅಂದರೆ ತಲೆಕಟ್ಟು. ಪೌಂಡ್ ಅಂದರೆ ನ-ದ ಒಡಲು, ಅದಕ್ಕೆ ಮತ್ತೆ ತಲೆಕಟ್ಟು. ಜರ್ಮನ್ ಭಾಷೆಯಲ್ಲಿ ಬರುವ, ನೋಡಲು ಬಿ ಥರ ಇರುವ ಅಕ್ಷರ ನ-ದ ಒತ್ತು. ಸಣ್ಣ ಕ್ಯೂ ಅಂದರೆ ಡ, ಕೊನೆಗೊಂದು ತಲೆಕಟ್ಟು. ಒಟ್ಟು ಏಳು ತುಂಡು. ಕಂಪ್ಯೂಟರಿಗೆ ಗೊತ್ತಿರುವುದು ಆ ಏಳು ಇಂಗ್ಲಿಷ್, ಯುರೋಪಿನ ಅಕ್ಷರಗಳು ಅಷ್ಟೇ. ನುಡಿ ಫಾಂಟು ಅವುಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಬರೆದು ತೋರಿಸುತ್ತಿತ್ತು. ಫಾಂಟ್ ತೆಗೆದರೆ ಕನ್ನಡವೂ ಹೋಯಿತು.

ಚಿಕ್ಕಪ್ಪ ಹಾಳೆಯನ್ನು ತುಂಬ ಹೊತ್ತು ನೋಡಿದರು. "ಅಂದ್ರೆ ಫೈಲ್ ಕೆಟ್ಟಿಲ್ಲ?"

"ಒಂದಕ್ಷರವೂ ಕೆಟ್ಟಿಲ್ಲ."

ಆಗ ಕಾಫಿ ಕುಡಿದರು. ಆರಿಹೋಗಿತ್ತು, ಹಾಗೇ ಕುಡಿದರು.

ಅವರನ್ನು ದೂರುವಂತಿಲ್ಲ. ಆ ಕಾಲದಲ್ಲಿ ಬೇರೆ ದಾರಿ ಎಲ್ಲಿತ್ತು? ಯುನಿಕೋಡ್ ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಸಂಕೇತ ಪದ್ಧತಿ. ಅದರ ಮೊದಲ ಆವೃತ್ತಿ 1991ರದು. ಕನ್ನಡಕ್ಕೆ ಅದರಲ್ಲೇ ಜಾಗ ಸಿಕ್ಕಿತ್ತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಫಾಂಟೂ ಇತ್ತು. ಆದರೆ ಎಕ್ಸ್‌ಪಿಯ ಸಿಡಿ ಹಾಕಿ, ಸೆಟ್ಟಿಂಗ್‌ನೊಳಗೆ ಹೊಕ್ಕು ಭಾರತೀಯ ಭಾಷೆಗಳನ್ನು ಚಾಲೂ ಮಾಡಿಕೊಳ್ಳಬೇಕಿತ್ತು. ನಮ್ಮೂರಲ್ಲಿ ಅದನ್ನು ಹೇಳಿಕೊಡುವವರು ಯಾರಿದ್ದರು? ಪ್ರೆಸ್ಸಿನವರು ಪುಟ ಜೋಡಿಸಲು ಪೇಜ್‌ಮೇಕರ್ ಬಳಸುತ್ತಿದ್ದರು, ಅದರಲ್ಲಿ ಯುನಿಕೋಡ್ ಕನ್ನಡ ನಡೆಯುತ್ತಿರಲಿಲ್ಲ. ಅಚ್ಚಾಗಬೇಕು ಅಂದರೆ ಹಳೆ ಫಾಂಟೇ ಗತಿ. ಕನ್ನಡ ಗಣಕ ಪರಿಷತ್ತು ನುಡಿ ಕೊಟ್ಟಿತು, ಅದಕ್ಕೂ ಮುಂಚೆ 1998ರಲ್ಲಿ 'ಬರಹ' ಅನ್ನುವ ತಂತ್ರಾಂಶ ಬಂದಿತ್ತು. ಅವು ಇರದಿದ್ದರೆ ಚಿಕ್ಕಪ್ಪನಂಥವರು ಕಂಪ್ಯೂಟರ್ ಮುಂದೆ ಕೂರುತ್ತಲೇ ಇರಲಿಲ್ಲ. ನುಡಿಯಲ್ಲಿದ್ದ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಇವತ್ತಿಗೂ ಅವರ ಬೆರಳಲ್ಲಿದೆ. ಹೊಸ ಲ್ಯಾಪ್‌ಟಾಪಿನಲ್ಲಿ ಸ್ಕ್ರೋಲ್ ಲಾಕ್ ಕೀ ಇಲ್ಲ, ಕನ್ನಡಕ್ಕೆ ಹೇಗೆ ಬದಲಾಯಿಸೋದು ಅಂತ ಅದೊಂದು ಬೇರೆ ಚಿಂತೆ ಅವರಿಗೆ.

ಫಾಂಟ್ ಇಳಿಸಿಕೊಂಡು ಹಾಕಿದೆ. ಫೈಲ್ ಮತ್ತೆ ತೆರೆದಾಗ ಪುಟದ ತುಂಬ ಕನ್ನಡ. ಚಿಕ್ಕಮ್ಮ ಕೈ ಒರೆಸಿಕೊಳ್ಳುತ್ತಾ ಬಂದು ನಿಂತರು. ಮೊದಲ ಹಾಡನ್ನು ಓದಲು ಹೋದವರು ಎರಡನೇ ಸಾಲಿಗೆ ರಾಗ ಎತ್ತಿದರು. ಚಿಕ್ಕಪ್ಪ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

ಇಲ್ಲಿಗೆ ಬಿಡಬಹುದಿತ್ತು. ತುಂಬ ಜನ ಇಲ್ಲಿಗೇ ಬಿಡುತ್ತಾರೆ. ಆದರೆ ಮಗಳಿಗೆ ವಾಟ್ಸಾಪಿನಲ್ಲಿ ಒಂದು ಹಾಡು ಕಳಿಸೋಣ ಅಂತ ಕಾಪಿ ಮಾಡಿ ಹಾಕಿದರೆ ಮತ್ತೆ ಪಿ, ಗೀಟಿನ ಎ, ಪೌಂಡ್. ಹುಡುಕು ಪೆಟ್ಟಿಗೆಯಲ್ಲಿ 'ಆರತಿ' ಅಂತ ಕೊಟ್ಟರೆ ಇಲ್ಲ ಅನ್ನುತ್ತದೆ, ಕಣ್ಣೆದುರೇ ಆರತಿ ಇದೆ. ಫಾಂಟ್ ಹಾಕುವುದು ಇವತ್ತಿನ ಕೆಲಸಕ್ಕೆ ಸಾಕು. ಉಳಿಯಬೇಕು ಅಂದರೆ ಯುನಿಕೋಡ್‌ಗೆ ಬದಲಾಯಿಸಲೇಬೇಕು.

ಹಾಗಾಗಿ ಊಟ ಆದ ಮೇಲೆ ಕೂತೆವು. ಮೊದಲು ಸಿಕ್ಕಿದ ಪರಿವರ್ತಕಕ್ಕೆ ಒಂದು ಫೈಲ್ ಕೊಟ್ಟೆ. ಬಂದದ್ದನ್ನು ಚಿಕ್ಕಪ್ಪ ಓದಿದರು. "ವುನೆ? ವುನೆ ಅಂದ್ರೇನು?"

ಮನೆ.

ಹಳೆ ಫಾಂಟಿನಲ್ಲಿ ಮ ಅನ್ನುವುದಕ್ಕೆ ಬೇರೆ ತುಂಡೇ ಇಲ್ಲ. ವ ಬರೆದು ಕೊಂಬು ಕೊಟ್ಟರೆ ಮ. ಕಣ್ಣಿಗೆ ಸರಿ, ಮ-ದ ಆಕಾರವೇ ಹಾಗಿದೆ. ವು ಬರೆಯಲು ಇನ್ನೊಂದು ಬಗೆಯ ಕೊಂಬು. ಇದು ಗೊತ್ತಿಲ್ಲದ ಪರಿವರ್ತಕ ಎಲ್ಲ ಮ-ವನ್ನೂ ವು ಮಾಡಿಹಾಕಿತ್ತು. ವುತ್ತು, ವುಗಳು, ವುದುವೆ. ಇಂಟರ್ನೆಟ್ಟಿನಲ್ಲಿ ಹಳೆ ಲೇಖನಗಳಲ್ಲಿ 'ವುತ್ತು' ನೋಡಿದಾಗಲೆಲ್ಲ ಯಾರೋ ಅವಸರದಲ್ಲಿ ಟೈಪ್ ಮಾಡಿದ್ದಾರೆ ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಕಾರಣ ಇದೇ.

"ಅದಕ್ಕೇನು, ವು ಇರೋ ಕಡೆಯೆಲ್ಲ ಮ ಹಾಕು ಅಂತ ಒಂದೇ ಸಲ ಕೊಟ್ಟುಬಿಡು" ಅಂದರು ಚಿಕ್ಕಪ್ಪ.

"ನಾವು ಅನ್ನೋದು ನಾಮ ಆಗುತ್ತೆ. ಹೂವು ಹೂಮ ಆಗುತ್ತೆ."

ಸುಮ್ಮನಾದರು.

ಇನ್ನೊಂದು ಪರಿವರ್ತಕ ಹುಡುಕಿದೆ. ಅದು ಮ-ವನ್ನು ಸರಿಯಾಗಿ ತೆಗೆದುಕೊಂಡಿತು. ಅರ್ಕಾವತ್ತನ್ನೂ ಸರಿ ಮಾಡಿತು. ಹಳೆಯದರಲ್ಲಿ ಕರ್ಪೂರದ ಅರ್ಕಾವತ್ತು ಪೂ ಆದ ಮೇಲೆ ಬರುತ್ತದೆ, ಯುನಿಕೋಡ್‌ನಲ್ಲಿ ರ್ ಮೊದಲು ಬರಬೇಕು, ಅದನ್ನು ಎತ್ತಿ ಹಿಂದಕ್ಕೆ ಇಡಬೇಕು. ಅಲ್ಲಲ್ಲಿ ಹಾಡಿನ ಪಕ್ಕ 'ಅಆ' ಅಂತ ಬಂದಿತ್ತು. ಏನಿದು ಅಂತ ತಲೆ ಕೆಡಿಸಿಕೊಂಡೆವು. ಅಜ್ಜಿಯ ದನಿ ರೆಕಾರ್ಡ್ ಆದ ಹಾಡುಗಳಿಗೆ ಚಿಕ್ಕಪ್ಪ ಇಂಗ್ಲಿಷಿನಲ್ಲಿ ಸಿಡಿ ಅಂತ ಗುರುತು ಹಾಕಿದ್ದರಂತೆ. ನುಡಿಯಲ್ಲಿ ದೊಡ್ಡ ಸಿ ಅಂದರೆ ಅ, ದೊಡ್ಡ ಡಿ ಅಂದರೆ ಆ. ಪರಿವರ್ತಕಕ್ಕೆ ಇಂಗ್ಲಿಷ್ ಯಾವುದು, ಕನ್ನಡ ಯಾವುದು ಅಂತ ಹೇಗೆ ಗೊತ್ತಾಗಬೇಕು?

ಕೆಲವು ಕಡೆ ಸಾಲಿನ ಮೊದಲ ಅಕ್ಷರವೇ ತಪ್ಪಾಗಿತ್ತು. 'ತಿ' ಇರಬೇಕಾದಲ್ಲಿ ಅರ್ಧ ಘ. ಸಣ್ಣ ಡಬ್ಲ್ಯು ಅಂದರೆ ತಿ, ದೊಡ್ಡದು ಅಂದರೆ ತಲೆಕಟ್ಟಿಲ್ಲದ ಘ. ವಾಕ್ಯದ ಮೊದಲ ಅಕ್ಷರ ದೊಡ್ಡದಿರಬೇಕು ಅಂತ ವರ್ಡ್ ತಾನಾಗಿಯೇ ತಿದ್ದಿಬಿಟ್ಟಿತ್ತು. ತಿಮ್ಮಪ್ಪನ ಹೆಸರಿನಿಂದ ಶುರುವಾಗುವ ಸಾಲುಗಳೆಲ್ಲ ಹಾಗೇ ಆಗಿದ್ದವು. ಒಂದೊಂದಾಗಿ ಸರಿ ಮಾಡಿದೆವು.

ಆಮೇಲೆ ಸಂಜೆ ಆ ಹಸೆ ಹಾಡು. ಇದನ್ನು ಬರೆಯಲೆಂದೇ ಕೂತಿದ್ದು ನಾನು.

ಚಿಕ್ಕಮ್ಮ ತೆರೆಯಲ್ಲಿ ನೋಡುತ್ತಾ ಹಾಡಿಕೊಳ್ಳುತ್ತಿದ್ದರು, ತಪ್ಪು ಕಂಡಲ್ಲಿ ನಿಲ್ಲಿಸುತ್ತಿದ್ದರು. ಒಂದು ಕಡೆ 'ವುಡಿ' ಅಂತ ಬಂತು. ನಾನು ಇದೂ ಮ-ದ ಗೋಳೇ ಅಂದುಕೊಂಡು 'ಮಡಿ' ಮಾಡಲು ಹೊರಟೆ.

"ಬೇಡ, ತಡಿ. ಅದು ಉಡಿ. ಉಡಿ ತುಂಬೋದು. ಹಾಡುವಾಗ ವುಡಿ ಅಂತಲೇ ಅನ್ನೋದು" ಅಂದರು ಚಿಕ್ಕಮ್ಮ.

"ಇಲ್ಲಿ ಮಡಿಯೇ ಸರಿ. ಹಿಂದಿನ ಸಾಲಲ್ಲಿ ಸ್ನಾನ ಆಯ್ತು, ಮುಂದೆ ಮಡಿ" ಅಂದರು ಚಿಕ್ಕಪ್ಪ.

"ನಿಮ್ಮಮ್ಮ ಹಾಡಿದ್ದು ನಾನೂ ಕೇಳಿದೀನಿ. ವುಡಿ."

"ನಿನ್ನ ತವರಲ್ಲಿ ಹಾಗೆ ಹಾಡ್ತಾರೆ. ನಮ್ಮಲ್ಲಿ ಹಾಗಲ್ಲ."

ಇಬ್ಬರೂ ನನ್ನ ಮುಖ ನೋಡಿದರು. ನನಗೇನು ಗೊತ್ತು? ಎರಡೂ ಅರ್ಥಕ್ಕೆ ಹೊಂದುತ್ತದೆ. ಕೇಳೋಣ ಅಂದರೆ ಅಜ್ಜಿ ಇಲ್ಲ. ಆ ಹಾಡಿನ ಪಕ್ಕ ಸಿಡಿ ಗುರುತೂ ಇರಲಿಲ್ಲ.

ಆಗ ಹಳೆ ಫೈಲ್ ತೆರೆದು ಆ ಪದಕ್ಕೆ ಮಾತ್ರ ಫಾಂಟ್ ಬದಲಾಯಿಸಿದೆ. ಚಿಕ್ಕಪ್ಪನ ನಿದ್ದೆ ಕೆಡಿಸಿದ್ದ ಆ ಇಂಗ್ಲಿಷ್ ಗೋಜಲು ಮತ್ತೆ ಬಂತು. ಅಕ್ಷರ ದೊಡ್ಡದು ಮಾಡಿದೆ. "ಮೂರನೇದು ನೋಡಿ. ಎ ಮೇಲೆ ಎರಡು ಚುಕ್ಕೆ ಇದ್ದರೆ ಮಡಿ. ಸಣ್ಣ ಸೊನ್ನೆ ಇದ್ದರೆ ವುಡಿ."

ಇಬ್ಬರೂ ಬಗ್ಗಿದರು. ಸೊನ್ನೆ.

ಚಿಕ್ಕಪ್ಪ ಏನೂ ಹೇಳಲಿಲ್ಲ. ಆಮೇಲೆ, "ಅಮ್ಮ ಹೇಳಿದ ಹಾಗೇ ಹೊಡೆದಿದೀನಿ ಹಾಗಾದ್ರೆ" ಅಂದರು. ಚಿಕ್ಕಮ್ಮ ಗೆದ್ದ ಖುಷಿಯಲ್ಲಿ ಇರಲಿಲ್ಲ. ಅತ್ತೆ ಎಲ್ಲಿ ಕೂತು ಹಾಡುತ್ತಿದ್ದರು, ಆ ಸಾಲಿನಲ್ಲಿ ದನಿ ಹೇಗೆ ಎಳೆಯುತ್ತಿದ್ದರು ಅಂತ ಹೇಳುತ್ತಾ ಹೋದರು.

ನನಗೆ ಆಗಿನಿಂದ ಅದೇ ತಲೆಯಲ್ಲಿ ಕೂತಿದೆ. ಪರಿವರ್ತನೆ ಆಯಿತು ಅಂತ ಹಳೆ ಫೈಲನ್ನು ಅಳಿಸಬಾರದು. ಯಾವತ್ತೂ ಅಳಿಸಬಾರದು. ಯಂತ್ರ ಬದಲಾಯಿಸಿ ಕೊಟ್ಟಿದ್ದನ್ನು ಹಾಡು ಗೊತ್ತಿರುವವರು ಕೂತು ಓದಬೇಕು, ಅವರು ಇರುವಾಗಲೇ ಓದಬೇಕು. ಹೀಗೆ ಎಷ್ಟು ಮನೆಗಳಲ್ಲಿ, ಎಷ್ಟು ಹಳೆ ಕಂಪ್ಯೂಟರುಗಳಲ್ಲಿ ಏನೇನು ಬಿದ್ದಿದೆಯೋ. ಯಕ್ಷಗಾನದ ಪ್ರಸಂಗ, ಊರಿನ ದೇವಸ್ಥಾನದ ಲೆಕ್ಕ, ಯಾರದೋ ಅಪ್ಪನ ಕವಿತೆ. ಮಕ್ಕಳು ತೆರೆದು ನೋಡಿ, ಫೈಲ್ ಕರಪ್ಟ್ ಆಗಿದೆ ಅಂತ ಡಿಲೀಟ್ ಮಾಡಿರುತ್ತಾರೆ. ಸಂಕಟವಾಗುತ್ತದೆ. ಓದುವ ನೀವು ಯಾರಾದರೂ ಅಂಥ ಫೈಲ್ ನೋಡಿದ್ದರೆ ದಯವಿಟ್ಟು ಅಳಿಸಬೇಡಿ.

ಹೊಸ ಫೈಲಿಗೆ ನೋಟೋ ಸೆರಿಫ್ ಕನ್ನಡ ಅನ್ನುವ ಯುನಿಕೋಡ್ ಫಾಂಟ್ ಹಾಕಿದೆ. ಒತ್ತುಗಳೆಲ್ಲ ಅರ್ಧಕ್ಕೆ ಕತ್ತರಿಸಿದಂತೆ ಕಂಡವು. ಹಳೆ ಫೈಲಿನಲ್ಲಿ ಸಾಲಿನ ಅಂತರವನ್ನು ಇಷ್ಟೇ ಅಂತ ಬಿಗಿ ಮಾಡಿಟ್ಟಿದ್ದರು. ಸಿಂಗಲ್‌ಗೆ ಬದಲಾಯಿಸಿದ ಮೇಲೆ ಸರಿಹೋಯಿತು. ಮಗಳಿಗೆ ಒಂದು ಆರತಿ ಹಾಡು ಕಳಿಸಿದೆವು, ಫೋನಿನಲ್ಲಿ ಚೆನ್ನಾಗಿ ಓದಲು ಬರುತ್ತಿದೆಯಂತೆ.

ಅವರು ಸಂಜೆ ಬಸ್ಸಿಗೆ ಹೊರಟ ಮೇಲೆ ಪೆನ್‌ಡ್ರೈವಿನಲ್ಲಿ ಇನ್ನೊಂದು ಫೋಲ್ಡರ್ ಕಂಡಿತು. 'ಪ್ರೆಸ್' ಅಂತ ಹೆಸರು. ಬೀಗರೌತಣದ ಹಾಡುಗಳ ಪುಸ್ತಿಕೆಯದಿರಬೇಕು, ಯಾರೋ ಡಿಟಿಪಿಯವರು ಹೊಡೆದದ್ದು. ಅದು ನುಡಿಯಲ್ಲ, ಶ್ರೀಲಿಪಿ ಅನ್ನುವ ಇನ್ನೊಂದು ತಂತ್ರಾಂಶದ್ದು. ಅದರ ಸಂಕೇತವೇ ಬೇರೆ. ನಮ್ಮ ಪರಿವರ್ತಕಕ್ಕೆ ಕೊಟ್ಟರೆ ಬಾಯಿಗೆ ಬಂದದ್ದು ಬರುತ್ತದೆ. ಆ ಫಾಂಟು ಇದ್ದರೆ ಚಿಕ್ಕಪ್ಪನ ಹಳೆ ಕಂಪ್ಯೂಟರಿನ ಫಾಂಟ್ಸ್ ಫೋಲ್ಡರಿನಲ್ಲೇ ಇರಬೇಕು. ಆದರೆ ಚಿಕ್ಕಮ್ಮ ಊಟದ ಹೊತ್ತಿಗೆ ಹೇಳಿದ್ದರಲ್ಲ, ಅದು ಜಗುಲಿಯಲ್ಲಿ ಸುಮ್ನೆ ಜಾಗ ತಿನ್ನುತ್ತಿದೆ, ಗುಜರಿಯವನಿಗೆ ಬರಲು ಹೇಳಿದ್ದೇನೆ ಅಂತ. ಫೋನ್ ಮಾಡಿದೆ, ಹತ್ತುತ್ತಿಲ್ಲ. ಊರಲ್ಲಿ ಮಳೆ ಬಂದು ಟವರ್ ಹೋಗಿದೆಯೋ ಏನೋ. ಬೆಳಿಗ್ಗೆ ಎದ್ದ ತಕ್ಷಣ ಮತ್ತೆ ಮಾಡಬೇಕು. ಉಳಿದದ್ದು ಬೇಕಾದರೆ ಕೊಡಲಿ, ಹಾರ್ಡ್‌ಡಿಸ್ಕ್ ಒಂದು ತೆಗೆದಿಟ್ಟರೆ ಸಾಕು. ಅವನು ಸೋಮವಾರವೇ ಬರುವುದಾ, ಅಥವಾ ಸಂತೆಯ ದಿನವಾ, ಗೊತ್ತಿಲ್ಲ.