ಚರಂಡಿಗೆ ಟೇಪು ಹಿಡಿದ ದಿನ

ಗ್ರಾಮ ಪಂಚಾಯಿತಿ ಕಟ್ಟಿಸಿದ ಚರಂಡಿಯನ್ನು ಅಳೆಯಲು ಲೋಕಾಯುಕ್ತದವರು ಬರುವ ಹೊತ್ತು ನೋಟಿಸಿನಲ್ಲಿ ಬೆಳಿಗ್ಗೆ ಹನ್ನೊಂದು ಎಂದಿತ್ತು. ಜೀಪು ಬಂದಾಗ ಹನ್ನೆರಡೂವರೆ. ಹಿಂದಿನ ದಿನವೇ ಚರಂಡಿಯ ಹೂಳು ತೆಗೆಸಿ, ಬಿರುಕು ಕಾಣದ ಹಾಗೆ ಗೋಡೆಗೆಲ್ಲ ಗಾರೆ ಬಳಿಸಲಾಗಿತ್ತು. ದೂರು ಕೊಟ್ಟಿದ್ದ ನಿವೃತ್ತ ಮೇಷ್ಟ್ರು ಅದನ್ನು ನೋಡಿ "ಎಲ್ಲಾ ಮುಚ್ಚಾಕ್ಬಿಟ್ರಲ್ಲ" ಎಂದು ಮಂಕಾದರು. ಮಂಕಾಗುವ ಕಾರಣ ಇರಲಿಲ್ಲ. ಗಾರೆ ಬಳಿದರೆ ಬಿರುಕು ಮುಚ್ಚುತ್ತದೆ, ಚರಂಡಿ ಉದ್ದವಾಗುವುದಿಲ್ಲ. ಅವರ ದೂರಿನಲ್ಲಿ ಬಿರುಕಿನ ಮಾತೇ ಇರಲಿಲ್ಲ, ಇದ್ದದ್ದು ಉದ್ದ ಮತ್ತು ದಪ್ಪ.

ಆ ದೂರು ಮೊದಲು ಹಾಗಿರಲಿಲ್ಲ. ಮೊದಲ ಕರಡು ಹನ್ನೊಂದು ಪುಟ. ಗ್ರಾಮ ಪಂಚಾಯಿತಿಯ ಹತ್ತು ವರ್ಷದ ಅವ್ಯವಹಾರ, ಅಧ್ಯಕ್ಷರ ಭಾವಮೈದನ ಟ್ರ್ಯಾಕ್ಟರು, ಕುಡಿಯುವ ನೀರು, ಬೀದಿ ದೀಪ, ಎಲ್ಲವೂ ಅದರೊಳಗೆ. ಇಂಥ ದೂರು ಮೂಲೆ ಸೇರುವುದೇ ಹೆಚ್ಚು, ಏಕೆಂದರೆ ತನಿಖೆಗೆ ಹಿಡಿಯಲು ಒಂದು ತುದಿ ಬೇಕು. ಅದನ್ನು ಎರಡು ಪುಟಕ್ಕೆ ಇಳಿಸಿ, ಒಂದೇ ಕಾಮಗಾರಿ, ಆ ಕಾಮಗಾರಿಗೆ ಸಹಿ ಹಾಕಿದವರ ಹೆಸರು, ಹುದ್ದೆ, ಸಹಿ ಬಿದ್ದ ದಿನಾಂಕ ಇಷ್ಟನ್ನೇ ಉಳಿಸಲಾಯಿತು. 'ಪಂಚಾಯಿತಿಯವರು' ಎಂದರೆ ಸಾಲದು. ಲೋಕಾಯುಕ್ತ ಕಾಯ್ದೆಯ ತನಿಖೆ ನಡೆಯುವುದು ಕಚೇರಿಯ ಮೇಲಲ್ಲ, ಸಾರ್ವಜನಿಕ ನೌಕರನ ಮೇಲೆ. ಚುನಾಯಿತ ಸದಸ್ಯರೂ ಆ ಪದದೊಳಗೇ ಬರುತ್ತಾರೆ.

1984ರ ಕರ್ನಾಟಕ ಲೋಕಾಯುಕ್ತ ಕಾಯ್ದೆ ದೂರನ್ನು ಎರಡು ಜಾತಿ ಮಾಡುತ್ತದೆ, ಕುಂದುಕೊರತೆ ಮತ್ತು ಆಪಾದನೆ. ಖಾತೆ ಮಾಡಿಕೊಡದೆ ಸತಾಯಿಸಿದರು ಎಂಬುದು ಕುಂದುಕೊರತೆ. ಆಗದ ಕೆಲಸಕ್ಕೆ ಬಿಲ್ಲು ಮಾಡಿದರು ಎಂಬುದು ಆಪಾದನೆ. ಮೊದಲನೆಯದಕ್ಕೆ ವಿಷಯ ತಿಳಿದ ದಿನದಿಂದ ಆರು ತಿಂಗಳ ಗಡುವು, ಎರಡನೆಯದಕ್ಕೆ ಕೃತ್ಯ ನಡೆದ ದಿನದಿಂದ ಐದು ವರ್ಷ. ಕುಂದುಕೊರತೆಗೆ ಇನ್ನೊಂದು ಬೇಲಿಯೂ ಇದೆ: ಮೇಲ್ಮನವಿಗೋ ಪುನರ್‌ಪರಿಶೀಲನೆಗೋ ಬೇರೆ ಅಧಿಕಾರಿಯ ಬಳಿ ದಾರಿಯಿದ್ದು ಅದನ್ನು ಬಳಸದೆ ನೇರ ಬಂದರೆ, ಸಾಮಾನ್ಯವಾಗಿ ತನಿಖೆಗೆ ಎತ್ತಿಕೊಳ್ಳುವುದಿಲ್ಲ. ಪಂಚಾಯಿತಿ ಮಟ್ಟದ ದೂರುಗಳು ಸಾಮಾನ್ಯವಾಗಿ ಉಪಲೋಕಾಯುಕ್ತರ ಮುಂದೆ ಹೋಗುತ್ತವೆ. ನಮೂನೆ 1ರಲ್ಲಿ ದೂರು, ನಮೂನೆ 2ರಲ್ಲಿ ಪ್ರಮಾಣಪತ್ರ (ಅಫಿಡವಿಟ್). ಪ್ರಮಾಣಪತ್ರ ಬೇಡುವುದು ಸುಮ್ಮನೆ ಅಲ್ಲ, ಗೊತ್ತಿದ್ದೂ ಸುಳ್ಳು ದೂರು ಕೊಟ್ಟರೆ ಇದೇ ಕಾಯ್ದೆಯಲ್ಲಿ ಶಿಕ್ಷೆಯುಂಟು. ಕಂಡದ್ದನ್ನು 'ಕಂಡೆ' ಎಂದೂ ಕೇಳಿದ್ದನ್ನು 'ಕೇಳಿದೆ' ಎಂದೂ ಬರೆಯುವುದು ಕ್ಷೇಮ.

ಲಂಚ ಕೇಳಿದವನನ್ನು ಹಣ ಪಡೆಯುವಾಗಲೇ ಹಿಡಿಸುವುದು ಬೇರೆಯೇ ದಾರಿ. ಅದಕ್ಕೆ ಈ ಅರ್ಜಿ ಬರೆಯುತ್ತ ಕೂರಬಾರದು, ಜಿಲ್ಲೆಯ ಲೋಕಾಯುಕ್ತ ಪೊಲೀಸರ ಬಳಿ ಹೋಗಬೇಕು. 2016ರಲ್ಲಿ ಆ ಕೆಲಸ ಭ್ರಷ್ಟಾಚಾರ ನಿಗ್ರಹ ದಳಕ್ಕೆ (ಎಸಿಬಿ) ಹೋಗಿತ್ತು. 2022ರ ಆಗಸ್ಟಿನಲ್ಲಿ ಹೈಕೋರ್ಟು ಎಸಿಬಿಯನ್ನು ರದ್ದು ಮಾಡಿದ ಮೇಲೆ ಅದು ಲೋಕಾಯುಕ್ತಕ್ಕೇ ಮರಳಿದೆ.

ಮೇಷ್ಟ್ರ ಕೈಯಲ್ಲಿದ್ದ ನಿಜವಾದ ಆಸ್ತಿ ಎಂದರೆ ಮಾಹಿತಿ ಹಕ್ಕಿನಲ್ಲಿ ತೆಗೆದ ದೃಢೀಕೃತ ಪ್ರತಿಗಳು: ಅಂದಾಜು ಪಟ್ಟಿ, ಎಂಬಿ ಪುಸ್ತಕದ (ಕಾಮಗಾರಿಯ ಅಳತೆ ಬರೆಯುವ ಪುಸ್ತಕ) ಪುಟಗಳು, ಬಿಲ್ಲು, ಕಾಮಗಾರಿ ಮುಗಿದ ಪ್ರಮಾಣಪತ್ರ, ಫೋಟೋ. ಹತ್ತು ರೂಪಾಯಿ ಶುಲ್ಕದ ಅರ್ಜಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಅನೇಕರ ಅರ್ಜಿ ತಿರಸ್ಕೃತವಾಗುವುದು ಇಲ್ಲೇ. 'ಐದು ವರ್ಷದ ಎಲ್ಲಾ ಕಾಮಗಾರಿ' ಎಂದು ಕೇಳಿದರೆ ಉತ್ತರ ಬರದಿರಲು ನೂರು ನೆಪ ಸಿಗುತ್ತವೆ. ಮೂವತ್ತು ದಿನಕ್ಕೆ ಉತ್ತರ ಬಾರದಿದ್ದರೆ, ಅಲ್ಲಿಂದ ಮೂವತ್ತು ದಿನದೊಳಗೆ ಮೊದಲ ಮೇಲ್ಮನವಿ. ಮೇಷ್ಟ್ರು ಅದನ್ನೂ ಹಾಕಿದ್ದರು, ಪ್ರತಿಗಳು ಬಂದದ್ದು ಅದಾದ ಮೇಲೆಯೇ.

ಎಂಬಿ ಪುಸ್ತಕದ ಲೆಕ್ಕ ಹೀಗಿತ್ತು: ಉದ್ದ 84 ಮೀಟರ್, ಒಳ ಅಗಲ 45 ಸೆಂಟಿಮೀಟರ್, ಒಳ ಆಳ 45, ಎರಡು ಗೋಡೆ ತಲಾ 15 ಸೆಂಟಿಮೀಟರ್ ದಪ್ಪ, ತಳದ ಕಾಂಕ್ರೀಟು ಗೋಡೆಗಳ ಕೆಳಗೂ ಸೇರಿ 75 ಅಗಲ, 10 ದಪ್ಪ. ಮೀಟರಿಗೆ 0.21 ಘನ ಮೀಟರಿನಂತೆ ಒಟ್ಟು 17.64 ಘನ ಮೀಟರ್ ಕಾಂಕ್ರೀಟು.

ಲೋಕಾಯುಕ್ತದ ತಾಂತ್ರಿಕ ವಿಭಾಗದಿಂದ ಬಂದ ಎಂಜಿನಿಯರದು ಮಾತು ಕಡಿಮೆ. ಮೊದಲು ಎರಡೂ ಕಡೆಯವರನ್ನು ನಿಲ್ಲಿಸಿ ಚರಂಡಿಯ ಶುರು ಎಲ್ಲಿ, ಕೊನೆ ಎಲ್ಲಿ ಎಂದು ಒಪ್ಪಿಸಿ, ಸುಣ್ಣದ ಗುರುತು ಹಾಕಿಸಿದರು. ಇದನ್ನು ಬಿಟ್ಟು ಟೇಪು ಬಿಚ್ಚಿದರೆ ಮುಗಿಯಿತು, ಆಮೇಲೆ 'ಆ ಕಡೆಯ ತುಂಡೂ ಇದೇ ಕಾಮಗಾರಿ' ಎಂಬ ಮಾತು ಬಂದೇ ಬರುತ್ತದೆ. ಇಲ್ಲಿಯೂ ಬಂತು. ಟೇಪು 71.5ಕ್ಕೆ ನಿಂತಾಗ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಮುಂದೆ ಬಂದು, "ಸಾರ್, ದೇವಸ್ಥಾನದ ಹಿಂದಿನ ಪೀಸು ಸೇರಿಸ್ಬೇಕು, ಅದೂ ಇದರದ್ದೇ" ಎಂದರು. ಮೇಷ್ಟ್ರು ಚೀಲದಿಂದ ಇನ್ನೊಂದು ಹಾಳೆ ತೆಗೆದರು. ಆ ತುಂಡಿಗೆ ಹಿಂದಿನ ವರ್ಷ ಬೇರೆ ಯೋಜನೆಯಲ್ಲಿ ಬಿಲ್ಲಾಗಿತ್ತು. ಒಂದೇ ಕೆಲಸವನ್ನು ಎರಡು ಯೋಜನೆಯಲ್ಲಿ ತೋರಿಸುವುದು ಹಳೇ ಚಾಳಿ. ಹಾಗಾಗಿ ದೂರಿನ ಕಾಮಗಾರಿಯ ಜೊತೆಗೆ ಅದರ ಅಕ್ಕಪಕ್ಕದ ಕಾಮಗಾರಿಯ ಕಾಗದವನ್ನೂ ತೆಗೆದಿಟ್ಟಿರಬೇಕು.

"ಮೇಷ್ಟ್ರೇ, ಊರಿನ ಕೆಲಸ, ಇಷ್ಟಕ್ಕೆಲ್ಲ ಬೆಂಗಳೂರವರೆಗೆ ಹೋಗ್ಬೇಕಿತ್ತಾ?" ಎಂದರು ಒಬ್ಬ ಸದಸ್ಯರು. ಮೇಷ್ಟ್ರು ಉತ್ತರ ಕೊಡಲಿಲ್ಲ. ಸ್ಥಳದಲ್ಲಿ ವಾದಕ್ಕೆ ಇಳಿದರೆ ಎಂಜಿನಿಯರು ಬರೆಯುವ ಅಂಕಿ ಮೇಲಿನ ಕಣ್ಣು ತಪ್ಪುತ್ತದೆ.

ದಪ್ಪ ನೋಡಲು ತಳವನ್ನು ಒಡೆಯಲೇಬೇಕು. ಎಲ್ಲಿ ಒಡೆಯಬೇಕೆಂದು ದೂರುದಾರ ಒಂದೇ ಜಾಗ ತೋರಿಸಿದರೆ 'ಕೆಟ್ಟ ಜಾಗ ಹುಡುಕಿ ತೋರಿಸಿದ' ಎನ್ನುತ್ತಾರೆ. ಪಂಚಾಯಿತಿಯವರೇ ತೋರಿಸಿದರೆ ಹತ್ತು ಸೆಂಟಿಮೀಟರ್ ಸಿಕ್ಕೇ ಸಿಗುತ್ತದೆ. ಅದಕ್ಕೇ ಶುರು, ನಡು, ಕೊನೆ ಎಂದು ಮೂರು ಕಡೆ ಗುಂಡಿ. ಮೂರರ ಸರಾಸರಿ 6 ಸೆಂಟಿಮೀಟರ್ ಬಂತು. ಗೋಡೆ ಸರಿಯಾಗಿಯೇ ಇತ್ತು, ಮೇಲಿಂದ ಕಾಣುವ ಭಾಗವಲ್ಲವೇ! ಹೊಸ ಲೆಕ್ಕದಲ್ಲಿ ಮೀಟರಿಗೆ 0.18, ಒಟ್ಟು 12.87 ಘನ ಮೀಟರ್. ಬಿಲ್ಲಿಗೂ ನೆಲಕ್ಕೂ 4.77 ಘನ ಮೀಟರಿನ ಅಂತರ, ಅಂದರೆ ಕಾಲು ಪಾಲಿಗಿಂತ ತುಸು ಹೆಚ್ಚು. 'ಕಳಪೆ ಕಾಮಗಾರಿ' ಎಂದು ನೂರು ಸಲ ಬರೆದರೂ ಈ ಒಂದು ಅಂಕಿಯ ಬಲ ಬರುವುದಿಲ್ಲ.

ಸ್ಥಳದಲ್ಲಿ ಕಂಡದ್ದರ ದಾಖಲೆಯಾದ ಮಹಜರು ಬರೆಯುವ ಹೊತ್ತಿಗೆ ಎಲ್ಲರಿಗೂ ಹಸಿವು. ಅಪಾಯ ಇರುವುದು ಈ ಹೊತ್ತಿನಲ್ಲೇ. ಓದದೆ ಸಹಿ ಹಾಕಿ ಊಟಕ್ಕೆ ಓಡಿದ ದೂರುದಾರರು ಆರು ತಿಂಗಳ ಮೇಲೆ 'ಅಳತೆ ಅಂದಾಜಿನಂತೆ ಇದೆ' ಎಂಬ ಸಾಲು ನೋಡಿ ಹಣೆ ಚಚ್ಚಿಕೊಂಡದ್ದುಂಟು. ಓದಿಸಿ ಕೇಳಬೇಕು. ಪ್ರತಿ ಅಳತೆ, ಗುಂಡಿಯ ಜಾಗ, ಹಾಜರಿದ್ದವರ ಹೆಸರು ಬಂದಿದೆಯೇ ನೋಡಬೇಕು. ಒಪ್ಪಿಗೆಯಿಲ್ಲದ ಸಾಲಿದ್ದರೆ ಸಹಿಗಿಂತ ಮೇಲ್ಗಡೆ ಕೈಬರಹದಲ್ಲಿ ಆಕ್ಷೇಪ ಬರೆಯಬೇಕು. ಮೇಷ್ಟ್ರು ಎರಡು ಸಲ ಓದಿಸಿದರು. ಅಲ್ಲಿದ್ದ ಜೆಇ (ಕಿರಿಯ ಎಂಜಿನಿಯರು) ಮೂರು ಸಲ ಗಡಿಯಾರ ನೋಡಿದರು.

ಇದರ ಮೇಲೆ ವೇಗ ನಿರೀಕ್ಷಿಸಬಾರದು. ದೂರಿನ ಪ್ರತಿ ಎದುರಾಳಿಗಳಿಗೆ ಹೋಗಿ ಅವರ ಹೇಳಿಕೆ ಬರುತ್ತದೆ. ಅದಕ್ಕೆ ದೂರುದಾರ ಪ್ರತ್ಯುತ್ತರ ಕೊಡಬೇಕು. ಎಷ್ಟೋ ಕಡತ ಸಾಯುವುದು ಈ ಹಂತದಲ್ಲಿ, ಪತ್ರ ಬಂದರೂ ಉತ್ತರಿಸದ ದೂರುದಾರನಿಂದ. ಆಪಾದನೆಯಲ್ಲಿ ಹುರುಳಿದೆ ಎನಿಸಿದರೆ 12(3)ನೇ ಕಲಮಿನ ವರದಿ ಸಕ್ಷಮ ಪ್ರಾಧಿಕಾರಕ್ಕೆ, ಅಂದರೆ ಕ್ರಮ ಕೈಗೊಳ್ಳುವ ಅಧಿಕಾರ ಇರುವವರಿಗೆ, ಹೋಗುತ್ತದೆ. ಅವರು ಮೂರು ತಿಂಗಳಲ್ಲಿ ಕೈಗೊಂಡ ಕ್ರಮ ತಿಳಿಸಬೇಕು. ನೌಕರರಾದರೆ ನಾಗರಿಕ ಸೇವಾ ನಿಯಮಗಳ 14-ಎ ಅಡಿ ಇಲಾಖಾ ವಿಚಾರಣೆಯನ್ನು ಲೋಕಾಯುಕ್ತಕ್ಕೇ ಒಪ್ಪಿಸುವುದುಂಟು. ಆಗ ದೋಷಾರೋಪಣೆ ಪಟ್ಟಿ, ಸಾಕ್ಷಿ, ಪಾಟೀಸವಾಲು ಎಲ್ಲವೂ ಹೊಸದಾಗಿ. ದೂರುದಾರನೇ ಮೊದಲ ಸಾಕ್ಷಿ, ಬೆಂಗಳೂರಿಗೆ ಬಂದು 'ನಾನು ದೂರು ಕೊಟ್ಟಿಲ್ಲ' ಎಂದುಬಿಟ್ಟರೆ ಟೇಪು ಹಿಡಿದದ್ದೆಲ್ಲ ನೀರುಪಾಲು. ಊರಿನಲ್ಲಿ ರಾಜಿಯಾಗಿ ಹಾಗೆ ಹೇಳುವವರಿದ್ದಾರೆ.

ಗಮನಿಸಬೇಕಾದ್ದು, ಇಲ್ಲಿ ಹೊರಡುವುದು ಶಿಫಾರಸು, ಆದೇಶವಲ್ಲ. ತಿಳಿಸಿದ ಕ್ರಮ ತೃಪ್ತಿಯಾಗದಿದ್ದರೆ ರಾಜ್ಯಪಾಲರಿಗೆ ವಿಶೇಷ ವರದಿ ಕಳಿಸಬಹುದು, ಅದು ವಿಧಾನಮಂಡಲದ ಮುಂದೆ ಬರುತ್ತದೆ. ಈ ದಾರಿಯ ಹಲ್ಲು ಬಹುಮಟ್ಟಿಗೆ ಅಷ್ಟೇ. ಕಡಿಮೆ ಎನ್ನುವವರ ಮಾತು ಸುಳ್ಳಲ್ಲ. ಆದರೆ ಪಂಚಾಯಿತಿಯ ಹಂಗಿಲ್ಲದ ಒಬ್ಬ ಎಂಜಿನಿಯರು ಊರಿಗೆ ಬಂದು ಗುಂಡಿ ತೋಡಿಸುವುದು ಬೇರೆ ಯಾವ ಅರ್ಜಿಯಿಂದಲೂ ಸುಲಭಕ್ಕೆ ಆಗುವ ಕೆಲಸವಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ ಆ ದಿನ ಜೀಪು ಹೊರಟ ಮೇಲೆ ಬಯಲಾಯಿತು. ಚರಂಡಿ ಪಕ್ಕದ ಮನೆಯ ಅಜ್ಜಿ ಮೇಷ್ಟ್ರನ್ನು ಕೇಳಿದರು, "ಹಂಗಾರೆ ನಾಳೆಯಿಂದ ಕಟ್ತಾರಾ ಸಾಮಿ?" ಇಲ್ಲ. ಆಪಾದನೆಯ ತನಿಖೆ ಬಿಲ್ಲು ಮಾಡಿದವನನ್ನು ಹುಡುಕುತ್ತದೆ, ಉಳಿದ ಹನ್ನೆರಡೂವರೆ ಮೀಟರನ್ನು ಕಟ್ಟಿಕೊಡುವುದಿಲ್ಲ. ಅದಕ್ಕೆ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ ಬೇರೆ ಅರ್ಜಿ ಬೇಕು, ಜೊತೆಗೆ ಮಹಜರಿನ ಪ್ರತಿ. ಮೇಷ್ಟ್ರು ಚೀಲದಿಂದ ಖಾಲಿ ಹಾಳೆ ತೆಗೆದು ಅಜ್ಜಿಯ ಜಗುಲಿ ಮೇಲೆಯೇ ಕೂತರು.