ಹಂಡೆ ಒಲೆಯೊಳಗೆ ಎರಡು ಕಣ್ಣು

ನಮ್ಮ ನಾಯಿ ಬ್ರೂನೋಗೆ ಪಟಾಕಿ ಅಂದ್ರೆ ಪ್ರಾಣಭಯ. ಹಿಂದಿನ ವರ್ಷದ ದೀಪಾವಳಿಗೆ ಬೆಂಗಳೂರಿನಲ್ಲಿ ಸಂಜೆ ಆರೂವರೆಗೆ ವಾಕಿಂಗ್ ಕರೆದುಕೊಂಡು ಹೋಗಿದ್ದೆ. ಪಕ್ಕದ ರಸ್ತೆಯಲ್ಲಿ ಯಾರೋ ಸರಪಟಾಕಿ ಹಚ್ಚಿದರು. ಒಂದೇ ಎಳೆತಕ್ಕೆ ಬೆಲ್ಟಿನಿಂದ ತಲೆ ಬಿಡಿಸಿಕೊಂಡು ಓಡಿದ. ರಾತ್ರಿ ಹನ್ನೊಂದಕ್ಕೆ ಒಂದು ಗೂಡ್ಸ್ ಆಟೋ ಅಡಿಯಲ್ಲಿ ಸಿಕ್ಕಿದ. ಜೊಲ್ಲು ಸುರಿಸುತ್ತ ನಡುಗುತ್ತಿದ್ದ. ಪಟಾಕಿಗೆ ರಾತ್ರಿ ಎಂಟರಿಂದ ಹತ್ತು ಗಂಟೆ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿತ್ತು. ನಮ್ಮ ಬೀದಿಯಲ್ಲಿ ಗಡಿಯಾರ ನೋಡುವವರು ಕಡಿಮೆ, ಅಷ್ಟೆ.

ಹಾಗಾಗಿ ಮುಂದಿನ ದೀಪಾವಳಿಗೆ ಅವನನ್ನು ಕಾರಿಗೆ ಹತ್ತಿಸಿಕೊಂಡು ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರದ ನಮ್ಮ ಊರಿಗೆ ಹೊರಟೆ. ಪೂರ್ತಿ ತಯಾರಿ ಇತ್ತು. ಬೆಲ್ಟಿನ ಮೇಲೆ ಫೋನ್ ನಂಬರ್ ಬರೆಸಿದ್ದೆ. ಕತ್ತಲಾಗುವ ಮೊದಲೇ ತಿರುಗಾಡಿಸಿ ಊಟ ಹಾಕಿ, ಕಿಟಕಿ ಮುಚ್ಚಿ, ಫ್ಯಾನು ಟೀವಿ ಹಾಕಿಡಿ ಅಂದಿದ್ದರು ಡಾಕ್ಟರು. ಮಂಚದಡಿ ನುಗ್ಗಿದರೆ ಎಳೀಬೇಡಿ, ಅಲ್ಲೇ ಇರಲಿ ಅಂತಲೂ ಹೇಳಿದ್ದರು. ಸದ್ದು ಎಷ್ಟು ಕೀರಲು ಅನ್ನುವ ಲೆಕ್ಕದಲ್ಲಿ ನಮ್ಮ ಕಿವಿ ಇಪ್ಪತ್ತು ಸಾವಿರ ಹರ್ಟ್ಜ್‌ಗೆ ಸುಸ್ತಾಗುತ್ತೆ, ನಾಯಿಗೆ ಅದರ ಎರಡರಷ್ಟು ಕೇಳುತ್ತದಂತೆ. ಊರಿಗೆ ಬಂದ ಮೇಲೆ ಅಪ್ಪನನ್ನು ಕಾಯುವುದೇ ಒಂದು ಕೆಲಸವಾಯಿತು. "ಪಾಪ, ಹಬ್ಬ ಅಲ್ವೇನೇ" ಅಂತ ಒಣದ್ರಾಕ್ಷಿ ಹಾಕಿದ ಪಾಯಸವನ್ನು ಅವನ ಮುಂದೆ ಹಿಡಿದಿದ್ದರು. ದ್ರಾಕ್ಷಿಯಿಂದ ನಾಯಿಯ ಕಿಡ್ನಿಯೇ ಕೆಡಬಹುದು ಅಂದರೆ, ನಮ್ಮ ಕಾಲದ ನಾಯಿಗಳು ಎಲ್ಲ ತಿನ್ನುತ್ತಿದ್ದವು ಅಂತ ವಾದ ಬೇರೆ.

ಇಷ್ಟೆಲ್ಲ ಗಲಾಟೆಯಲ್ಲಿ ಆ ಮನೆಗೆ ಒಂದು ಬೆಕ್ಕೂ ಇದೆ ಅನ್ನುವುದು ಯಾರಿಗೂ ನೆನಪಾಗಲಿಲ್ಲ.

ಅದು ನೀರು ತುಂಬುವ ಹಬ್ಬದ ಸಂಜೆ. ಅಮ್ಮ ಹಂಡೆ ತಿಕ್ಕಿ, ಕೆಮ್ಮಣ್ಣು ಸುಣ್ಣದ ಗೆರೆ ಎಳೆದು, ಕುತ್ತಿಗೆಗೆ ಹಿಂಡ್ಲೆಕಾಯಿ ಬಳ್ಳಿ ಸುತ್ತಿ, ನೀರು ತುಂಬಿ ಪೂಜೆ ಮಾಡಿದ್ದಳು. ಬೆಳ್ಳಿ, ಅಂದರೆ ಬೆಕ್ಕು, ದಿನಾ ಆ ಹೊತ್ತಿಗೆ ಅಮ್ಮನ ಕಾಲಿಗೆ ಮೈ ತಿಕ್ಕುತ್ತ ಹಾಲು ಕೇಳುತ್ತಿತ್ತು. ಅವತ್ತು ಬರಲಿಲ್ಲ. ಮನೆಯೊಳಗೆ ಗೊತ್ತಿಲ್ಲದ ನಾಯಿ, ಅಂಗಳದಲ್ಲಿ ಮಕ್ಕಳ ನೆಲಚಕ್ರ, ಆಟಂ ಬಾಂಬು. "ಎಲ್ಲೋ ಅಟ್ಟದ ಮೇಲಿರುತ್ತೆ ಬಿಡು" ಅಂದೆವು. ಯಾರೂ ಹುಡುಕಲಿಲ್ಲ. ನಾನಂತೂ ಬ್ರೂನೋ ಪಕ್ಕದಲ್ಲಿ ಕೂತು ಅವನ ಕಿವಿ ಸವರುತ್ತಿದ್ದೆ.

ಬೆಳಗಿನ ನಾಲ್ಕಕ್ಕೆ ಎಣ್ಣೆ ಹಚ್ಚಿಕೊಂಡು ಬಚ್ಚಲಿಗೆ ಬಂದೆ. ಕರೆಂಟ್ ಇರಲಿಲ್ಲ. ಅಮ್ಮ ಒಲೆ ಮುಂದೆ ಕುಕ್ಕರಗಾಲಲ್ಲಿ ಕೂತು ಒಣ ಅಡಿಕೆ ಹಾಳೆ ತುರುಕುತ್ತಿದ್ದಳು. ಎರಡು ಹಾಳೆ ಹೋಯಿತು. ಮೂರನೆಯದು ಏನಕ್ಕೋ ತಾಗಿ ನಿಂತಿತು. ಸೌದೆ ತುಂಡು ಇರಬೇಕು ಅಂತ ಇನ್ನಷ್ಟು ಒತ್ತಿದಳು. ಎಡಗೈಯಲ್ಲಿ ಬೆಂಕಿಪೊಟ್ಟಣ ತಯಾರಾಗಿತ್ತು. ಒಳಗಿನಿಂದ 'ಹಿಸ್ಸ್' ಅಂತ ಕೇಳಿತು.

"ಹಾವು ಕಣೇ! ಟಾರ್ಚ್ ತಾ!"

ಮೊಬೈಲಿನ ಬೆಳಕು ಬಿಟ್ಟೆ. ಬೂದಿಯ ಆಚೆ ತುದಿಯಲ್ಲಿ ಎರಡು ಹಸಿರು ಕಣ್ಣು.

ಹಾಳೆ ಹಿಂದೆ ತೆಗೆದದ್ದೇ ತಡ, ಬೆಳ್ಳಿ ಬಾಣದ ಹಾಗೆ ಹಾರಿತು. ನನ್ನ ಎಣ್ಣೆ ಕಾಲಿನ ಮೇಲೆ ಬೂದಿಯ ಹೆಜ್ಜೆ ಬಿಟ್ಟು ಅಟ್ಟ ಸೇರಿಕೊಂಡಿತು. ಅಮ್ಮ ಬೆಂಕಿಪೊಟ್ಟಣ ನೆಲಕ್ಕಿಟ್ಟು ಸುಮ್ನೆ ಕೂತುಬಿಟ್ಟಳು. ಹಬ್ಬಕ್ಕೆಂದು ಹಿಂದಿನ ದಿನ ಒಲೆ ಆರಿಸಿ ಗೋರಿದ್ದೆವಲ್ಲ, ಬೆಚ್ಚಗಿನ, ಕತ್ತಲಿನ, ಸದ್ದು ಕಮ್ಮಿಯ ಜಾಗ. ಬ್ರೂನೋಗೆ ನಾನು ಕೊಟ್ಟಿದ್ದ ಕೋಣೆಯಂಥದ್ದನ್ನೇ ಅದು ತಾನೇ ಹುಡುಕಿಕೊಂಡಿತ್ತು.

"ನಿನ್ನ ನಾಯಿಗೆ ಟೀವಿ," ಅಂದಳು ಅಮ್ಮ. ಮುಂದೆ ಏನೂ ಹೇಳಲಿಲ್ಲ.

ಆ ಬೆಳಿಗ್ಗೆ ಎಲ್ಲರ ಸ್ನಾನವೂ ತಡವಾಯಿತು. ಬೆಳ್ಳಿ ಕೆಳಗೆ ಇಳಿದದ್ದು ಬಲಿಪಾಡ್ಯಮಿಯ ಸಂಜೆ, ನಾನು ಬ್ರೂನೋನನ್ನು ತೋಟದ ಕಡೆ ಕರೆದುಕೊಂಡು ಹೋದ ಮೇಲೆ. ಹಾಲು ಕುಡಿಯುವಾಗಲೂ ಮೀಸೆಯಲ್ಲಿ ಬೂದಿ ಇತ್ತಂತೆ.