ನಂಬರ್ ನನ್ನದೇ, ಗಾಡಿ ನನ್ನದಲ್ಲ

ಕಳೆದ ಭಾನುವಾರ ಸಾಗರ ರಸ್ತೆಯ ಕಡೆಯ ಗ್ಯಾರೇಜೊಂದರಲ್ಲಿ ಕೇಳಿದ ಮಾತು ವಾರವಿಡೀ ನನ್ನನ್ನು ಬಿಟ್ಟಿಲ್ಲ. ಹೇಳಿದವರು ತೀರ್ಥಹಳ್ಳಿ ಕಡೆಯ ಯಜಮಾನರು, ಎಪ್ಪತ್ತು ದಾಟಿದ ಅಡಿಕೆ ಬೆಳೆಗಾರರು. ಅವರ ಮುಂದೆ ನಿಂತಿದ್ದದ್ದು 1974ರ ಯೆಜ್ಡಿ ಬೈಕು. ಹರೆಯದಲ್ಲಿ ಅವರು ಮಣ್ಣಿನ ರೇಸ್‌ಗಳಲ್ಲಿ ಓಡಿಸಿದ ಗಾಡಿ. ಈಗ ಮೈತುಂಬ ಬಣ್ಣ, ಕ್ರೋಮ್ ಹೊಳಪು, ಬೆಲೆ ಮೂರೂವರೆ ಲಕ್ಷ.

ಅವರನ್ನು ಕರೆತಂದವನು ಮಾರಾಟಗಾರನೇ. ಹೊಸನಗರ ಕಡೆಯ ಹುಡುಗ. ಗಾಡಿ ಓಡಿಸಿದವರೇ ಬಂದು ಹೌದು ಎಂದುಬಿಟ್ಟರೆ ಕೊಳ್ಳುವವರಿಗೆ ಇನ್ನೇನು ಸಾಕ್ಷಿ ಬೇಕು ಎಂಬುದು ಅವನ ಲೆಕ್ಕ. ಲೆಕ್ಕ ತಪ್ಪೇನಲ್ಲ. ಯಜಮಾನರು ಆರ್‌ಸಿ ಪುಸ್ತಕ ಬಿಡಿಸಲಿಲ್ಲ, ಕನ್ನಡಕವನ್ನೂ ಹಾಕಿಕೊಳ್ಳಲಿಲ್ಲ. ಫ್ರೇಮಿನ ನಂಬರನ್ನು ಬಾಯಿಪಾಠವಾಗಿ ಒಪ್ಪಿಸಿದರು. ನಾನು ಟಾರ್ಚ್ ಬಿಟ್ಟು ನೋಡಿದರೆ ಒಂದಂಕಿಯೂ ಆಚೀಚೆ ಇಲ್ಲ. ಹುಡುಗನ ಮುಖ ಅರಳಿತು. ಆಮೇಲೆ ಅವರು ಪಂಚೆ ಎತ್ತಿ ಕಟ್ಟಿ, ಗೋಡೆ ಹಿಡಿದು ನಿಧಾನಕ್ಕೆ ಕೂತು, ಎಂಜಿನ್ನಿನ ಹಿಂದೆ, ಕಾಲಿಡುವ ಕಡ್ಡಿಯ ಮೇಲ್ಗಡೆ ಕೈ ತೂರಿಸಿದರು. ಬೆರಳುಗಳು ಒಳಗೆ ಅತ್ತಿತ್ತ ಹರಿದಾಡುವುದು ಹೊರಗಿನಿಂದಲೇ ತಿಳಿಯುತ್ತಿತ್ತು. ಒಂದು ಕಡೆ ನೋಡಿದರು, ಇನ್ನೊಂದು ಕಡೆಯಿಂದಲೂ ಕೈ ಹಾಕಿ ನೋಡಿದರು. ಕೈ ಹೊರಗೆ ತೆಗೆದು ಪಂಚೆಯ ಅಂಚಿಗೆ ಒರೆಸಿಕೊಂಡರು.

"ನಂಬರ್ ನನ್ನದೇ ಮಾರಾಯ. ಗಾಡಿ ನನ್ನದಲ್ಲ."

ಹುಡುಗ ನನ್ನ ಮುಖ ನೋಡಿದ. ಬೆಂಗಳೂರಿನಿಂದ ಕೊಳ್ಳಲು ಬಂದವರೂ ನನ್ನ ಮುಖವನ್ನೇ ನೋಡಿದರು. ಅವರು ಸಾಫ್ಟ್‌ವೇರ್ ಕೆಲಸದವರು, ನಯವಾದ ಮಾತಿನವರು. ಹಳೆಯ ಟು ಸ್ಟ್ರೋಕ್ ಗಾಡಿಗಳನ್ನು ನೋಡಿ ಹೇಳುವ ರೂಢಿ ನನಗಿದೆ ಎಂದು ಯಾರಿಂದಲೋ ತಿಳಿದು ಕರೆಸಿಕೊಂಡಿದ್ದರು. ಒಂದು ಮಾತನ್ನು ಹೇಳಲೇಬೇಕು: ಗ್ಯಾರೇಜಿಗೆ ಬಂದಾಗಿನಿಂದ ಅವರು ಗಾಡಿಯನ್ನು ಮೊಬೈಲಿನ ಪರದೆಯಲ್ಲಿಯೇ ನೋಡುತ್ತಿದ್ದರು. ಯಜಮಾನರು ಮಾತ್ರ ಕೈಯಿಂದ ನೋಡಿದರು.

ನಂಬರಿನ ವಿಷಯದಲ್ಲಿ ನನಗೆ ಅನುಮಾನವಿರಲಿಲ್ಲ. ಕದ್ದ ಗಾಡಿಗೋ ಗುಜರಿ ಫ್ರೇಮಿಗೋ ಬೇರೆ ನಂಬರ್ ಹೊಡೆದಿದ್ದರೆ ಅದು ಸಿಕ್ಕಿಬೀಳುವ ದಾರಿಗಳಿವೆ. ಹಳೆಯ ಅಂಕಿಗಳನ್ನು ಉಜ್ಜಿದ ಜಾಗದಲ್ಲಿ ಲೋಹ ತಗ್ಗಾಗಿರುತ್ತದೆ, ಹೆಬ್ಬೆರಳು ಆಡಿಸಿದರೆ ಇಳಿಜಾರು ಗೊತ್ತಾಗುತ್ತದೆ. ಟಾರ್ಚನ್ನು ಓರೆಯಾಗಿ ಹಿಡಿದರೆ ಗ್ರೈಂಡರಿನ ಗೆರೆಗಳು ಬಣ್ಣದ ಅಡಿಯಿಂದಲೂ ಏಳುತ್ತವೆ. ಹೊಸದಾಗಿ ಹೊಡೆದ ಅಂಕಿಯ ಅಂಚು ಚೂಪಾಗಿರುತ್ತದೆ, ಆಳದಲ್ಲಿಯೂ ಅಕ್ಷರದ ಮಾಟದಲ್ಲಿಯೂ ಕಾರ್ಖಾನೆಯ ಅಚ್ಚಿಗೆ ಹೊಂದುವುದಿಲ್ಲ. ಇಲ್ಲಿ ಅಂಥದ್ದೇನೂ ಇರಲಿಲ್ಲ. ಎಂಜಿನ್ನಿನ ನಂಬರೂ ಆರ್‌ಸಿಗೆ ಸರಿಯಾಗಿ ತಾಳೆಯಾಗಿತ್ತು. ಕಾಗದದ ಮಟ್ಟಿಗೆ ಇದು ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಅದೇ ಯೆಜ್ಡಿ.

ಜಾಹೀರಾತಿನಲ್ಲಿ ಇನ್ನೊಂದು ಸಾಲಿತ್ತು: 'ಸಿ.ಜೆಡ್. ಮೋಟೋಕ್ರಾಸ್ ಎಂಜಿನ್'. ಅದನ್ನು ಓದಿದಾಗಲೇ ನನಗೆ ಸಿಟ್ಟು ಬಂದಿತ್ತು. ಮೋಟೋಕ್ರಾಸ್ ಎಂದರೆ ದಿಬ್ಬ ಹಾರಿಸುವ ಮಣ್ಣಿನ ರೇಸ್, ಅದರಲ್ಲಿ ಸಿ.ಜೆಡ್. ಎಂದರೆ ಸಾಮಾನ್ಯ ಹೆಸರಲ್ಲ. ಬೆಲ್ಜಿಯಂನ ಜೋಯೆಲ್ ರಾಬರ್ಟ್ 1964ರಲ್ಲಿ, ಮತ್ತೆ 1968 ಮತ್ತು 1969ರಲ್ಲಿ 250 ಸಿಸಿ ವಿಶ್ವ ಮೋಟೋಕ್ರಾಸ್ ಪಟ್ಟ ಗೆದ್ದದ್ದು ಜೆಕೊಸ್ಲೊವಾಕಿಯಾದ ಆ ಗಾಡಿಯ ಮೇಲೆ. ಪೂರ್ವ ಜರ್ಮನಿಯ ಪೌಲ್ ಫ್ರೀಡ್ರಿಕ್ಸ್ 1966ರಿಂದ 1968ರವರೆಗೆ ಸತತವಾಗಿ 500 ಸಿಸಿ ಪಟ್ಟ ಗೆದ್ದದ್ದೂ ಸಿ.ಜೆಡ್. ಮೇಲೆಯೇ. ಜಾವಾ ಕೂಡ ಅದೇ ದೇಶದ್ದು, ನಮ್ಮ ಯೆಜ್ಡಿ ಹುಟ್ಟಿದ್ದು ಆ ಜಾವಾದಿಂದ. ಅರವತ್ತರ ದಶಕದ ಮಧ್ಯದ ಸಿ.ಜೆಡ್. ಮೋಟೋಕ್ರಾಸ್ ಗಾಡಿಗೂ ಒಂದೇ ಸಿಲಿಂಡರಿಗೆ ಎರಡು ಹೊಗೆ ಕೊಳವೆ, ಯೆಜ್ಡಿಗೂ ಎರಡು. ಇಷ್ಟು ಸಾಕು, ಮಾರುವವರ ಬಾಯಲ್ಲಿ ಎರಡೂ ಒಂದೇ ಆಗಿಬಿಡುತ್ತವೆ.

ವಾದ ಮಾಡುವ ಬದಲು ಹೆಡ್ ಬಿಚ್ಚಿಸಿ ಅಳೆಯಬಹುದು. 250 ಸಿಸಿ ಸಿ.ಜೆಡ್. ಮೋಟೋಕ್ರಾಸ್ ಎಂಜಿನ್ನಿನ ಬೋರ್, ಅಂದರೆ ಸಿಲಿಂಡರಿನ ಒಳಗಿನ ಅಗಲ, 70 ಮಿಲಿಮೀಟರ್, ಪಿಸ್ಟನ್ ಓಡುವ ದೂರ 64. ಜಾವಾ, ಯೆಜ್ಡಿಗಳದ್ದು ತಿರುಗುಮುರುಗು: ಬೋರ್ 65, ದೂರ 75. ಅದು ಜೋರಾಗಿ ತಿರುಗಿ ನೆಗೆಯುವ ಎಂಜಿನ್. ಇದು ಕಡಿಮೆ ವೇಗದಲ್ಲಿಯೂ ಉಸಿರು ಕಟ್ಟದೆ ಘಾಟಿ ಹತ್ತುವ ಎಂಜಿನ್, ಆಗುಂಬೆಯ ತಿರುವುಗಳಿಗೆ ಹೇಳಿ ಮಾಡಿಸಿದ್ದು. ವರ್ನಿಯರ್ ಇಟ್ಟಾಗ 65ಕ್ಕಿಂತ ಕೂದಲೆಳೆ ಹೆಚ್ಚು ಬಂತು, ಎಂದೋ ಬೋರ್ ಮಾಡಿಸಿದ್ದರ ಗುರುತು. ಹುಡುಗ ಅಲ್ಲಿಯೇ ಮೊಬೈಲ್ ತೆಗೆದು ಆ ಸಾಲನ್ನು ಅಳಿಸಿದ. ಹೀಗೆ ಮಾಡುವವರು ಕಡಿಮೆ. ಅವನಲ್ಲಿ ವಂಚನೆಯ ಬುದ್ಧಿ ಇಲ್ಲ ಎಂದು ನನಗೆ ಖಾತ್ರಿಯಾದದ್ದು ಆಗಲೇ.

ಎಂಜಿನ್ನಿನ ಮಾತು ಹೀಗೆ ಹತ್ತು ನಿಮಿಷದಲ್ಲಿ ಮುಗಿಯಿತು. ಯಜಮಾನರ ಬೆರಳು ಏನನ್ನು ಹುಡುಕಿತ್ತು ಎಂಬುದು ಉಳಿದಿತ್ತು. ಕಾಫಿ ತರಿಸಿದ ಮೇಲೆ ಅವರೇ ಹೇಳಿದರು. ಯೆಜ್ಡಿ ರಸ್ತೆಯ ಗಾಡಿ. ಹಾರಿ ಬೀಳಲು ಮಾಡಿದ್ದಲ್ಲ, ಹಿಂದಿನ ಶಾಕ್ ಅಬ್ಸಾರ್ಬರಿಗೆ ಅಷ್ಟು ದೂರದ ಕುಣಿತ ಇಲ್ಲ. ದಿಬ್ಬ ಹಾರಿ ನೆಲಕ್ಕೆ ಬಿದ್ದಾಗಲೆಲ್ಲ ಪೆಟ್ಟು ನೇರ ಫ್ರೇಮಿಗೆ. ಕೊಯ್ಲು ಮುಗಿದ ಗದ್ದೆಯಲ್ಲಿ ಅಭ್ಯಾಸ ಮಾಡುತ್ತಿದ್ದಾಗ ಒಮ್ಮೆ ಹಿಂದಿನ ಚಕ್ರದ ತೋಳು ಸೇರುವ ಜಾಗದಲ್ಲಿಯೇ ಫ್ರೇಮ್ ಬಿರುಕು ಬಿಟ್ಟಿತು. ರೇಸ್ ಹತ್ತಿರದಲ್ಲಿತ್ತು. ಊರಿನ ಕಮ್ಮಾರರು ಎತ್ತಿನ ಗಾಡಿಯ ಚಕ್ರದ ಕಬ್ಬಿಣದ ಪಟ್ಟಿಯಿಂದ ಅಂಗೈಯಗಲ ತುಂಡು ಕತ್ತರಿಸಿ, ಬಡಿದು ಬಾಗಿಸಿ, ಬಿರುಕಿನ ಮೇಲೆ ಕೂರಿಸಿಕೊಟ್ಟರು. ಪೇಟೆಗೆ ತಂದು ಹಿತ್ತಾಳೆ ಕಡ್ಡಿಯಲ್ಲಿ ಬೆಸುಗೆ ಹಾಕಿಸಿದ್ದಾಯಿತು. ಆಮೇಲೆ ಎಷ್ಟು ಹಾರಿಸಿದರೂ ಫ್ರೇಮ್ ಜಗ್ಗಲಿಲ್ಲವಂತೆ. "ಅದೊಂದು ಉಬ್ಬು ಇತ್ತಲ್ಲ, ಬೂಟಿನ ಹಿಮ್ಮಡಿಗೆ ತಾಗುತ್ತಿತ್ತು" ಎಂದರು.

ಆ ಪಟ್ಟಿ ಈಗಿಲ್ಲ. ಗ್ಯಾರೇಜಿನ ಮೇಸ್ತ್ರಿ ಮುಚ್ಚುಮರೆ ಮಾಡಲಿಲ್ಲ: "ಗಂಟು ಗಂಟಾಗಿ ಅಸಹ್ಯವಾಗಿ ಕಾಣುತ್ತಿತ್ತು ಅಣ್ಣಾ. ಕಿತ್ತು ತೆಗೆದು, ಬಿರುಕಿಗೆ ಹೊಸ ವೆಲ್ಡಿಂಗ್ ಕೊಟ್ಟು, ಗ್ರೈಂಡರ್ ಹಿಡಿದು ನುಣ್ಣಗೆ ಮಾಡಿದೆ." ನುಣ್ಣಗೆ ಎಂದರೆ ನಿಜಕ್ಕೂ ನುಣ್ಣಗೆ. ಅವನ ಕೈಕೆಲಸಕ್ಕೆ ನಾನು ಕೊಂಕು ಹೇಳಲಾರೆ, ಅಷ್ಟು ಚೆಂದದ ವೆಲ್ಡಿಂಗ್ ಶಿವಮೊಗ್ಗದಲ್ಲಿ ಎಲ್ಲರಿಗೂ ಬರುವುದಿಲ್ಲ. ಮೇಲಕ್ಕೆತ್ತಿ ಕಟ್ಟಿದ್ದ ಹಳೆಯ ಸೈಲೆನ್ಸರ್, ಅಡ್ಡಕಡ್ಡಿ ಬೆಸೆದಿದ್ದ ಹ್ಯಾಂಡಲ್, ಜಾರದಂತೆ ಹಲ್ಲು ಕೊರೆದಿದ್ದ ಕಾಲ್ಕಡ್ಡಿ, ಹಲ್ಲುಗಳ ಸಂಖ್ಯೆ ಹೆಚ್ಚಿಸಿ ಮಾಡಿಸಿದ್ದ ಹಿಂದಿನ ಸ್ಪ್ರಾಕೆಟ್, ಎಲ್ಲವೂ ಹೀಗೆಯೇ ಗುಜರಿಗೆ ಹೋಗಿವೆ. ಅವುಗಳ ಜಾಗಕ್ಕೆ ಬಂದಿರುವುದು ಹೊಸ ಮಾಲು, ಪರದೇಶದ ಮೋಟೋಕ್ರಾಸ್ ಗಾಡಿಯ ಚಿತ್ರ ನೋಡಿ ಮಾಡಿಸಿದ್ದು. ನೋಡಿದರೆ ಯಾರಾದರೂ ರೇಸ್ ಗಾಡಿ ಎನ್ನಬೇಕು. ಆ ರೇಸಿನಲ್ಲಿ ಓಡಿದ ವಸ್ತು ಮಾತ್ರ ಅದರಲ್ಲಿ ಹೆಚ್ಚೇನೂ ಉಳಿದಿಲ್ಲ.

ಇಲ್ಲಿಂದ ನನ್ನ ಯೋಚನೆ ಗಾಡಿಯನ್ನು ದಾಟಿ ಹೋಯಿತು.

ಮೋಟೋಕ್ರಾಸ್ ಗಾಡಿಯಷ್ಟು ಬೇಗ ತನ್ನನ್ನು ತಾನೇ ತಿಂದುಕೊಳ್ಳುವ ಯಂತ್ರ ಕಡಿಮೆ. ಪಿಸ್ಟನ್, ಚೈನು, ರಿಮ್, ಮಡ್‌ಗಾರ್ಡ್, ಟೈರು ಎಲ್ಲವೂ ಋತುವಿಗೊಂದು ಬದಲಾಗುತ್ತಲೇ ಇರುತ್ತವೆ. ವಿಶ್ವ ಪಟ್ಟ ಗೆದ್ದ ಗಾಡಿಯಲ್ಲಿಯೂ ಕಾರ್ಖಾನೆಯಿಂದ ಬಂದ ದಿನದ ಬೋಲ್ಟುಗಳು ಬಹಳ ಉಳಿದಿರಲಾರವು. ಹಾಗಿರುವಾಗ ಅಸಲಿ ಎಂದು ಯಾವ ದಿನದ ರೂಪವನ್ನು ಕರೆಯಬೇಕು? ಕಾರ್ಖಾನೆಯ ಬಾಗಿಲು ದಾಟಿದ ದಿನದ್ದೋ, ಕೆಸರಿನಲ್ಲಿ ಮೊದಲ ಸ್ಥಾನ ಬಂದ ದಿನದ್ದೋ? ಸರ್ಕಾರದ ನಿಯಮ ಮೊದಲನೆಯದನ್ನು ಹಿಡಿಯುತ್ತದೆ. 2021ರಲ್ಲಿ ಬಂದ ವಿಂಟೇಜ್ ನೋಂದಣಿ ನಿಯಮದ ಪ್ರಕಾರ ಗಾಡಿಗೆ 50 ವರ್ಷ ದಾಟಿರಬೇಕು, ಮೂಲ ರೂಪದಲ್ಲಿರಬೇಕು, ಚಾಸಿ ಮತ್ತು ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, ನಂಬರಿನಲ್ಲಿ 'ವಿಎ' ಅಕ್ಷರ. ಕುಟುಂಬದವರು ಜೋಪಾನ ಮಾಡಿಕೊಂಡು ಬಂದ ರಸ್ತೆ ಗಾಡಿಗೆ ಇದು ಸರಿಯಾದ ಅಳತೆ, ನನ್ನ ತಕರಾರಿಲ್ಲ. ರೇಸಿನಲ್ಲಿ ಓಡಿದ ಗಾಡಿಗೆ ಇದೇ ಅಳತೆ ಹಿಡಿದರೆ ಕಮ್ಮಾರರ ಪಟ್ಟಿ ದೋಷವಾಗುತ್ತದೆ. ನನ್ನ ಪ್ರಕಾರ ಆ ಗಾಡಿಯಲ್ಲಿ ಅತ್ಯಂತ ಅಸಲಿಯಾಗಿದ್ದದ್ದು ಆ ಪಟ್ಟಿಯೇ. ಯಾದವಗಿರಿಯಲ್ಲಿ ಅಂಥ ಫ್ರೇಮುಗಳು ದಿನವೂ ತಯಾರಾಗುತ್ತಿದ್ದವು. ತೀರ್ಥಹಳ್ಳಿಯ ಕುಲುಮೆಯಲ್ಲಿ ಆ ಪಟ್ಟಿ ಒಂದೇ ಒಂದು ತಯಾರಾಗಿತ್ತು.

ನಮ್ಮ ಕಡೆಯ ಮಂಡಿಯಲ್ಲಿ ಅನುಭವಿ ಖರೀದಿದಾರ ಅಡಿಕೆಯ ಮೇಲಿನ ಕೆಂಪು ಬಣ್ಣಕ್ಕೆ ಬೆಲೆ ಕಟ್ಟುವುದಿಲ್ಲ, ಒಡೆದು ಒಳಗಿನ ತಿರುಳು ನೋಡುತ್ತಾನೆ. ಬಣ್ಣ ಚೊಗರಿನಿಂದ, ಅಂದರೆ ಅಡಿಕೆ ಬೇಯಿಸಿದ ಕೆಂಪು ರಸದಿಂದಲೂ ಬರುತ್ತದೆ ಎಂಬುದು ಅವನಿಗೆ ಗೊತ್ತು. ಹಳೆಯ ಗಾಡಿಗಳ ಪೇಟೆಯಲ್ಲಿ ಒಡೆದು ನೋಡುವವರು ಕಡಿಮೆಯಾಗಿದ್ದಾರೆ. ಹೊಳೆಯುವುದಕ್ಕೆ ದುಡ್ಡು ಸಿಗುತ್ತದೆ, ಆದ್ದರಿಂದ ಮೇಸ್ತ್ರಿಗಳು ಹೊಳೆಯಿಸುತ್ತಾರೆ. ಇದರಲ್ಲಿ ಮೇಸ್ತ್ರಿಯನ್ನು ಮಾತ್ರ ಬೈದು ಪ್ರಯೋಜನವಿಲ್ಲ. ಫೋಟೋ ನೋಡಿ ಮುಂಗಡ ಕಳಿಸುವವರೇ ಅವನಿಗೆ ಈ ಪಾಠ ಕಲಿಸಿದವರು. ತುಕ್ಕು ಹಿಡಿದ ಟ್ಯಾಂಕಿನ ಮೇಲೆ ಕಾರ್ಖಾನೆಯ ಬಣ್ಣ ಅರ್ಧ ಉಳಿದಿದ್ದರೂ ಅದನ್ನು ಕೆರೆಯದೆ ಬಿಡು ಎಂದು ಹೇಳುವ ಗಿರಾಕಿ ಅವನಿಗೆ ಒಬ್ಬನೂ ಸಿಕ್ಕಿರಲಿಕ್ಕಿಲ್ಲ. ಬಣ್ಣ ಯಾವಾಗ ಬೇಕಾದರೂ ಬಳಿಯಬಹುದು. ಕೆರೆದ ಬಣ್ಣವನ್ನು ಮರಳಿ ತರಲು ಯಾರಿಂದಲೂ ಸಾಧ್ಯವಿಲ್ಲ.

ಬೆಲೆ ಎಷ್ಟು ಎಂದು ಬೆಂಗಳೂರಿನವರು ಕೇಳಿದರು. ನಾನು ನೇರವಾಗಿ ಹೇಳಿದೆ: ಕಾಗದ ಶುದ್ಧವಾಗಿರುವ, ಚೆನ್ನಾಗಿ ಕೆಲಸ ಮಾಡಿಸಿದ ಯೆಜ್ಡಿಗೆ ಎಷ್ಟೋ ಅಷ್ಟು ಕೊಡಿ, ರೇಸಿನ ಹೆಸರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ರೇಸಿನ ಹೆಸರಿಗೆ ದುಡ್ಡು ಕೊಡುವುದಾದರೆ ಗುರುತು ಬೇಕು. ಆ ಕಾಲದ ಫೋಟೋ, ಅದರಲ್ಲಿ ಕಾಣುವ ಬೆಸುಗೆ, ಫೋಟೋಗೂ ಗಾಡಿಗೂ ಹೊಂದುವ ಒಂದು ಗಾಯ. ಯಜಮಾನರ ಬಳಿ ಕಪ್ಪುಬಿಳುಪಿನ ಫೋಟೋ ಒಂದಿದೆ. ಗಾಡಿ ಗಾಳಿಯಲ್ಲಿದೆ, ಮುಂದಿನ ಚಕ್ರ ಮೇಲೆದ್ದಿದೆ, ಬೂಟಿನ ಹಿಂದೆ ಆ ಉಬ್ಬು ಸ್ಪಷ್ಟವಾಗಿ ಕಾಣುತ್ತದೆ. ಗಾಡಿಯ ಮೇಲೆ ಅದು ಉಳಿದಿದ್ದರೆ ಮೂರೂವರೆ ಲಕ್ಷ ಕೊಡಿ ಎಂದು ನಾನೇ ಹೇಳುತ್ತಿದ್ದೆ.

ಹುಡುಗನ ಬಗ್ಗೆ ನನಗೆ ನಿಜವಾಗಿಯೂ ಸಂಕಟವಾಯಿತು. ಕೊಟ್ಟಿಗೆಯಲ್ಲಿ ಕೋಳಿ ಕೂರುತ್ತಿದ್ದ ಗಾಡಿಯನ್ನು ಎತ್ತಿ ತಂದು, ಕೈಯಲ್ಲಿದ್ದ ದುಡ್ಡನ್ನೆಲ್ಲ ಅದಕ್ಕೇ ಸುರಿದಿದ್ದಾನೆ. ಪ್ರೀತಿಯಿಂದಲೇ ಮಾಡಿಸಿದ್ದು. ಕಿತ್ತು ತೆಗೆಯುವ ಮೊದಲು ತೀರ್ಥಹಳ್ಳಿಗೆ ಒಮ್ಮೆ ಹೋಗಿಬಂದಿದ್ದರೆ ಸಾಕಿತ್ತು. ಗಾಡಿ ಓಡಿಸಿದವರು ಬದುಕಿದ್ದಾರೆ, ಎಲ್ಲವೂ ನೆನಪಿದೆ, ಕೇಳಿದರೆ ಕಾಫಿ ಕೊಟ್ಟು ಹೇಳುವವರು. ಮಾರುವಾಗ ನೆನಪಾದ ಯಜಮಾನರು ಬಿಚ್ಚುವಾಗ ನೆನಪಾಗಲಿಲ್ಲ.

ಬುಧವಾರ ಅವನು ಫೋನ್ ಮಾಡಿದ. ಯಜಮಾನರ ಮನೆಗೆ ಹೋಗಿದ್ದನಂತೆ. ಆ ಕಮ್ಮಾರರ ಮಗ ಈಗಲೂ ಕುಲುಮೆ ನಡೆಸುತ್ತಿದ್ದಾರಂತೆ, ಮನೆಯ ಹಿಂದೆ ಹಳೆಯ ಗಾಡಿ ಚಕ್ರಗಳೂ ಬಿದ್ದಿವೆಯಂತೆ. "ಅಣ್ಣಾ, ಅಂಥದ್ದೇ ಪಟ್ಟಿ ಅದೇ ಜಾಗಕ್ಕೆ ಬೆಸೆಸಿಬಿಡಲೇ? ಯಜಮಾನರೇ ನಿಂತು ತೋರಿಸುತ್ತೇನೆ ಎಂದಿದ್ದಾರೆ. ಬೆಂಗಳೂರಿನವರೂ ಅಷ್ಟಾದರೆ ಪೂರ್ತಿ ಬೆಲೆ ಕೊಡುತ್ತಾರಂತೆ."

ಫೋನಿನಲ್ಲಿ ನಾನು ಸ್ವಲ್ಪ ಹೊತ್ತು ಸುಮ್ಮನಿದ್ದೆ. ಬೇಡ ಎನ್ನುವುದು ಸುಲಭವಿತ್ತು. ಆದರೆ ಯಜಮಾನರು ತೋರಿಸುತ್ತೇನೆ ಎಂದದ್ದು ಬೆಲೆಗಾಗಿ ಅಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತು. ಹಿಮ್ಮಡಿಗೆ ಆ ಉಬ್ಬು ಇನ್ನೊಮ್ಮೆ ತಾಗಲಿ ಎಂಬ ಆಸೆ ಅವರದ್ದು. ಅದಕ್ಕೆ ಅಡ್ಡ ಬರಲು ನಾನು ಯಾರು? ಬೆಸೆಸು ಎಂದೆ. ಕಮ್ಮಾರರ ಮಗನ ಕೈಯಿಂದಲೇ ಆಗಲಿ, ಹಿತ್ತಾಳೆ ಕಡ್ಡಿಯಲ್ಲಿಯೇ ಆಗಲಿ. ಆದರೆ ಬಣ್ಣ ಹೊಡೆಯುವ ಮೊದಲು ಪಟ್ಟಿಯ ಮೇಲೆ ಈ ವರ್ಷದ ಇಸವಿಯನ್ನು ಆಳವಾಗಿ ಪಂಚ್ ಮಾಡಿಸು, ಕೈ ತೂರಿಸಿದವರಿಗೆ ತಾಗಬೇಕು. ಏನೇನು ಹೊಸದು ಎಂದು ಒಂದು ಹಾಳೆಯಲ್ಲಿ ಬರೆದು ಆರ್‌ಸಿ ಜೊತೆ ಇಟ್ಟು ಕೊಡು. ಇನ್ನು ಮೂವತ್ತು ವರ್ಷಕ್ಕೆ ಇದನ್ನು ಕೊಳ್ಳುವವರು ಫೋಟೋ ಹಿಡಿದುಕೊಂಡು ಬಂದು ಮೋಸ ಹೋಗಬಾರದು.

ಹುಡುಗ ಒಪ್ಪಿದ. ಶನಿವಾರ ಕುಲುಮೆಗೆ ಹೋಗುತ್ತಾನಂತೆ, ನನ್ನನ್ನೂ ಕರೆದಿದ್ದಾನೆ. ಇಸವಿ ಹೊಡೆಸುವ ವಿಷಯವನ್ನು ಬೆಂಗಳೂರಿನವರಿಗೆ ನಾನೇ ತಿಳಿಸಿದೆ. ಹಾಗಾದರೆ ಬೆಲೆಯ ಬಗ್ಗೆ ಯೋಚಿಸಿ ಹೇಳುತ್ತೇನೆ ಎಂದಿದ್ದಾರೆ. ಇನ್ನೂ ಹೇಳಿಲ್ಲ.